ಸೀಸೆಯ ಮೇಯೊನೇಸ್ ಬೇಡ, ಮನೆಯ ಮೊಸರು ಸಾಕು

ಹಸಿ ತರಕಾರಿ ತಿನ್ನಿ ಎಂದು ವೈದ್ಯರು ಹೇಳುವುದು ಸುಲಭ. ಆದರೆ ಬರಿಯ ಸೌತೆಕಾಯಿ ಹೋಳುಗಳನ್ನು ದಿನವೂ ಅಗಿಯುವವರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ? ಮಕ್ಕಳಂತೂ ಅದನ್ನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾರೆ. ಕೊನೆಗೆ, ಹೇಗಾದರೂ ತಿನ್ನಲಿ ಎಂದು ಅಂಗಡಿಯಿಂದ ಮೇಯೊನೇಸ್ ಸೀಸೆ ತರುತ್ತೀರಿ. ನನ್ನ ತಕರಾರು ಇರುವುದು ಇಲ್ಲಿಯೇ.

ಮೇಯೊನೇಸ್ ಎಂದರೆ ಮುಖ್ಯವಾಗಿ ಎಣ್ಣೆ. ಮೊಟ್ಟೆಯ ಹಳದಿಯೊಳಗೆ ಎಣ್ಣೆಯನ್ನು ಹನಿಹನಿಯಾಗಿ ಕಡೆದು ಸೇರಿಸಿದಾಗ ಅದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 10 ಗ್ರಾಂ ಕೊಬ್ಬು, 90 ಕ್ಯಾಲೊರಿ. ಹೋಟೆಲಿನಲ್ಲಿ ಹಸಿ ಮೊಟ್ಟೆಯಿಂದ ಮಾಡಿ ಸೆಖೆಯಲ್ಲಿ ಹೊರಗಿಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯ ಬೇರೆ. ಕೇರಳವು 2023ರಲ್ಲಿ, ತೆಲಂಗಾಣವು 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮೇಯೊನೇಸ್ ಮೇಲೆ ನಿಷೇಧ ಹೇರಿದ್ದು ಸುಮ್ಮನೆ ಅಲ್ಲ. ಸೀಸೆಯದು ಮೊಟ್ಟೆಯಿಲ್ಲದ್ದೇ ಇರಬಹುದು. ಆದರೂ ಚೀಟಿಯಲ್ಲಿ ಎಣ್ಣೆ ಎಷ್ಟು, ಉಪ್ಪು ಎಷ್ಟು ಎಂದು ಒಮ್ಮೆ ಓದಿ ನೋಡಿ.

ಅದೇ ನುಣುಪು ಮೊಸರಿನಿಂದಲೂ ಬರುತ್ತದೆ. ಅರ್ಧ ಲೀಟರ್ ಹುಳಿಯಿಲ್ಲದ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ನೀರು ಸೋರಲು ಬಿಡಿ. ಶ್ರೀಖಂಡ ಮಾಡುವ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೋರಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಬರುತ್ತದೆ. ಒಂದು ಹಿಡಿ ಕೊತ್ತಂಬರಿ ಸೊಪ್ಪು (ಎಳೆಯ ದಂಟೂ ಇರಲಿ), ಹತ್ತು ಹದಿನೈದು ಪುದೀನ ಎಲೆ, ಸ್ವಲ್ಪ ಸಬ್ಬಸಿಗೆ, ಅರ್ಧ ಹಸಿಮೆಣಸಿನಕಾಯಿ, ಒಂದು ಎಸಳು ಬೆಳ್ಳುಳ್ಳಿ, ಕಾಲು ಚಿಕ್ಕ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಎರಡು ಚಿಕ್ಕ ಚಮಚ ಕಡಲೆಕಾಯಿ ಎಣ್ಣೆ. ಇಷ್ಟನ್ನು ನೀರು ಹಾಕದೆ ಮಿಕ್ಸಿಯಲ್ಲಿ ರುಬ್ಬಿ. ಮೊಸರನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ತೆಳ್ಳಗಾಗಿಬಿಡುತ್ತದೆ. ರುಬ್ಬಿದ್ದನ್ನು ಚಮಚದಿಂದಲೇ ಮೊಸರಿಗೆ ಕಲಸಿ. ಹಸುವಿನ ಹಾಲಿನದಾದರೆ ಇದರ ಎರಡು ದೊಡ್ಡ ಚಮಚದಲ್ಲಿ ಇರುವ ಕ್ಯಾಲೊರಿ ಮೇಯೊನೇಸಿಗಿಂತ ಬಹಳ ಕಡಿಮೆ.

ಮಲೆನಾಡಿನವರು ಇದನ್ನು ಕಂಡು, 'ಇದು ನಮ್ಮ ತಂಬುಳಿಯಲ್ಲವೇ?' ಎಂದು ನಕ್ಕರೆ ತಪ್ಪಿಲ್ಲ. ತೆಂಗಿನಕಾಯಿ ಬಿಟ್ಟು, ಗಟ್ಟಿ ಮಾಡಿದ ತಂಬುಳಿಯೇ ಇದು.

ಡಾಕ್ಟರು ಕೊಬ್ಬು ಬೇಡವೆಂದಿದ್ದಾರೆ, ಆ ಎರಡು ಚಮಚ ಎಣ್ಣೆಯನ್ನೂ ಬಿಡೋಣವೇ ಎಂದು ಕೇಳುವವರಿದ್ದಾರೆ. ಬಿಡಬೇಡಿ. ಕ್ಯಾರೆಟ್, ಸೊಪ್ಪುಗಳಲ್ಲಿರುವ ಬೀಟಾ ಕೆರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗುತ್ತದೆ. ಅದು ಕರುಳಿನಲ್ಲಿ ಹೀರಲ್ಪಡಲು ಸ್ವಲ್ಪ ಕೊಬ್ಬು ಬೇಕೇ ಬೇಕು. ಎಣ್ಣೆಯನ್ನು ಹೆಚ್ಚು ಸುರಿಯುವುದು ಎಷ್ಟು ತಪ್ಪೋ, ಹೆದರಿ ಪೂರ್ತಿ ಬಿಡುವುದೂ ಅಷ್ಟೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಉಪ್ಪಿನ ವಿಷಯದಲ್ಲಿ ಮಾತ್ರ ಜಿಪುಣರಾಗಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಿಂಬೆಯ ಹುಳಿ, ಪುದೀನದ ಪರಿಮಳ ಇದ್ದಾಗ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಹಸಿ ಸೊಪ್ಪಿಗೆ ಬೆಂಕಿಯ ರಕ್ಷಣೆ ಇಲ್ಲ. ಆದ್ದರಿಂದ ದೊಡ್ಡ ಪಾತ್ರೆಯ ನೀರಿನಲ್ಲಿ ಮೂರು ನಾಲ್ಕು ಸಲ, ತಳದಲ್ಲಿ ಮಣ್ಣು ಕಾಣದಂತಾಗುವವರೆಗೆ ತೊಳೆಯಿರಿ. ಬಟ್ಟೆಯ ಮೇಲೆ ಹರಡಿ ಆರಿಸಿ. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಹೃದಯದ ತೊಂದರೆಗೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು. ಸೊಪ್ಪಿನಲ್ಲಿರುವ 'ಕೆ' ಜೀವಸತ್ವ ಆ ಔಷಧಿಯ ಪರಿಣಾಮವನ್ನು ತಗ್ಗಿಸುತ್ತದೆ. ಅಂಥವರು ಮೊದಲು ತಮ್ಮ ವೈದ್ಯರನ್ನು ಕೇಳಲಿ.

ತರಕಾರಿಗೆ ಬೆರೆಸುವುದು ಊಟಕ್ಕೆ ಕೂರುವ ಹೊತ್ತಿಗೇ ಇರಲಿ. ಮುಂಚೆಯೇ ಬೆರೆಸಿದರೆ ಸೌತೆಕಾಯಿ ನೀರು ಬಿಡುತ್ತದೆ. ಮಕ್ಕಳಿಗೆ ಮೊದಲ ಸಲ ಕೊಡುವಾಗ ಹಸಿಮೆಣಸಿನಕಾಯಿ ಬಿಡಿ, ಸಬ್ಬಸಿಗೆಯನ್ನೂ ಕಡಿಮೆ ಮಾಡಿ. ಆ ವಾಸನೆ ಎಲ್ಲ ಮಕ್ಕಳಿಗೂ ಹಿಡಿಸುವುದಿಲ್ಲ, ಕೆಲವು ದೊಡ್ಡವರಿಗೂ ಸಹ.