ಆ ಮಗುವಿಗೂ ಒಂದು ಜಾಗವಿರಲಿ



ಸಂಘದ ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಬರುವ ಮನೆಗಳನ್ನು ಒಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡಿ. ಕೆಲವು ವರ್ಷ ತಪ್ಪದೆ ಬಂದು, ಆಮೇಲೆ ಸದ್ದಿಲ್ಲದೆ ನಿಂತುಹೋದ ಒಂದೆರಡು ಸಂಸಾರಗಳು ನೆನಪಿಗೆ ಬಂದಾವು. ಕೇಳಿದರೆ 'ಮನೆ ದೂರವಾಯಿತು', 'ಮಗನಿಗೆ ಪರೀಕ್ಷೆ' ಎನ್ನುತ್ತಾರೆ. ನಿಜವಾದ ಕಾರಣ ಕೆಲವೊಮ್ಮೆ ಬೇರೆಯೇ ಇರುತ್ತದೆ. ಮಗು ಚೆಂಡೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿರುತ್ತದೆ, ಇಲ್ಲವೇ ಭಾಷಣದ ನಡುವೆ ವೇದಿಕೆಗೆ ಓಡಿರುತ್ತದೆ. ನಾಲ್ಕು ಜನ ತಿರುಗಿ ನೋಡುತ್ತಾರೆ. ಒಬ್ಬರು 'ಮಗುವಿಗೆ ಸ್ವಲ್ಪ ಶಿಸ್ತು ಕಲಿಸಬಾರದೇ?' ಎನ್ನುತ್ತಾರೆ. ಆ ತಾಯಿ ಮತ್ತೆ ಬಾರದಿರಲು ಅಷ್ಟು ಸಾಕು.

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರನ್ನು ಈಗ ಒಟ್ಟಾಗಿ 'ನ್ಯೂರೋಡೈವರ್ಜೆಂಟ್' ಎನ್ನುತ್ತಾರೆ. ಅಂದರೆ ಮಿದುಳಿನ ನಡೆ ಬಹುಪಾಲು ಜನರಿಗಿಂತ ಬೇರೆಯಾಗಿರುವವರು. ಡಿಸ್ಲೆಕ್ಸಿಯಾದ ಪರಿಚಯ ನಮ್ಮಲ್ಲಿ ಅನೇಕರಿಗೆ ಆದದ್ದು 2007ರ 'ತಾರೇ ಜಮೀನ್ ಪರ್' ಚಿತ್ರದಿಂದ. ಆಟಿಸಂ ಇರುವ ಕೆಲವು ಮಕ್ಕಳಿಗೆ ನಮಗೆ ಸಹಜವೆನಿಸುವ ಸದ್ದು, ಬೆಳಕು, ನೂಕುನುಗ್ಗಲು ಸಹಿಸಲಾಗದಷ್ಟು ತೀವ್ರವಾಗಿ ತಟ್ಟುತ್ತವೆ. ಕೈ ಬಡಿಯುವುದು, ಮೈ ತೂಗುವುದು ಆಗ ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಬಗೆ. ಇದು ಹಟವಲ್ಲ, ತಂದೆತಾಯಿಯರ ಮುದ್ದಿನಿಂದ ಬಂದದ್ದೂ ಅಲ್ಲ.

ಇದರಲ್ಲಿ ಕನ್ನಡ ಸಂಘಕ್ಕೇನು ಕೆಲಸ ಎಂದು ನೀವು ಕೇಳಬಹುದು. ಹೊರನಾಡಿನ ಇಂಥ ಮನೆಗಳಿಗೆ ಮತ್ತೊಂದು ಕಷ್ಟವಿದೆ. ಮಗು ಮಾತು ಕಲಿಯಲು ತಡಮಾಡಿದಾಗ 'ಮನೆಯಲ್ಲಿ ಒಂದೇ ಭಾಷೆ ಆಡಿ, ಇಂಗ್ಲಿಷೇ ಆಡಿ' ಎಂಬ ಸಲಹೆ ಎಷ್ಟೋ ಕಡೆ ಸಿಗುತ್ತದೆ. ಮನೆಯವರು ಭಯಪಟ್ಟು ಕನ್ನಡವನ್ನೋ ತುಳುವನ್ನೋ ಬಿಡುತ್ತಾರೆ. ಊರಿನಿಂದ ಬಂದ ಅಜ್ಜಿಗೆ ಮೊಮ್ಮಗನೊಡನೆ ಆಡಲು ಮಾತೇ ಇರುವುದಿಲ್ಲ. ಆದರೆ 2012ರಿಂದೀಚೆಗೆ ಕೆನಡಾ, ಅಮೆರಿಕ ಮುಂತಾದೆಡೆ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯ ಅಂಥ ಮಕ್ಕಳಿಗಿಂತ ಮಾತಿನಲ್ಲಿ ಹೆಚ್ಚು ಹಿಂದುಳಿದದ್ದು ಕಂಡುಬಂದಿಲ್ಲ. ಎರಡನೆಯ ಭಾಷೆ ಅವರಿಗೆ ಹೊರೆಯಲ್ಲ. ಹೀಗಿರುವಾಗ ಆ ಮಗುವಿನಿಂದ ಮನೆಮಾತನ್ನೂ ಕಿತ್ತುಕೊಂಡು, ಆ ಮಾತಾಡುವ ಜನರ ನಡುವಿನಿಂದಲೂ ಹೊರಗಿಟ್ಟರೆ ಅದಕ್ಕೆ ಉಳಿಯುವುದೇನು? ಮನೆಯಾಚೆ ಕನ್ನಡ ಕಿವಿಗೆ ಬೀಳುವ ಜಾಗ ಈ ಊರಿನಲ್ಲಿ ನಮ್ಮ ಸಂಘವಲ್ಲದೆ ಮತ್ತೆಲ್ಲಿದೆ?

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ದೆಹಲಿಯ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು 1991ರಲ್ಲಿ ಆರಂಭಿಸಿದ ಮೆರಿ ಬರುವಾ ಅವರು ಆಟಿಸಂ ಇರುವ ಹುಡುಗನೊಬ್ಬನ ತಾಯಿ. ನಾವು ಸಂಸ್ಥೆ ಕಟ್ಟುವುದು ಬೇಡ. ತಿಂಗಳಿಗೊಂದು ಭಾನುವಾರ ಎರಡು ತಾಸು ಸಭಾಂಗಣದ ಬಾಗಿಲು ತೆರೆದರೆ ಸಾಕು. ಅದು ಚಿಕಿತ್ಸೆಯಲ್ಲ, ಪಾಠವೂ ಅಲ್ಲ. ಒಂದೆಡೆ ಚಾಪೆ, ಬಣ್ಣ, ಚೆಂಡು, ನಿಧಾನವಾಗಿ ಹೇಳುವ ಒಂದು ಕನ್ನಡ ಕಥೆ. ಇನ್ನೊಂದೆಡೆ ಅಪ್ಪ ಅಮ್ಮಂದಿರಿಗೆ ಬಿಸಿ ಚಹಾ ಮತ್ತು ತಮ್ಮಂಥವರೊಡನೆ ಮಾತು. ಅಣ್ಣನ ಹಿಂದೆ ಓಡಿ ಓಡಿ ತನ್ನ ಸರದಿಗೆ ಕಾಯುವ ತಂಗಿಯೊಬ್ಬಳು ಇಂಥ ಮನೆಗಳಲ್ಲಿ ಇರುತ್ತಾಳೆ. ಅವಳ ಜತೆಗೂ ಯಾರಾದರೂ ಕ್ಯಾರಂ ಆಡಲಿ.

ದೊಡ್ಡ ಕಾರ್ಯಕ್ರಮದ ದಿನ ಮಾಡಬೇಕಾದದ್ದು ಇಷ್ಟು. ಒಂದು ಚಿಕ್ಕ ಕೋಣೆಯನ್ನು ಶಾಂತವಾಗಿಡಿ: ಮಂದ ಬೆಳಕು, ಫ್ಯಾನು, ಕುಡಿಯುವ ನೀರು. ಅದನ್ನು ಹಾರ್ಮೋನಿಯಂ ಪೆಟ್ಟಿಗೆ ಇಡುವ ಕೋಣೆ ಮಾಡಬೇಡಿ. ಸಭಾಂಗಣದ ಫೋಟೋಗಳನ್ನೂ ಯಾವುದರ ನಂತರ ಯಾವುದು ಎಂಬ ಚಿತ್ರಪಟ್ಟಿಯನ್ನೂ ಎರಡು ದಿನ ಮೊದಲೇ ವಾಟ್ಸಾಪಿನಲ್ಲಿ ಆ ಮನೆಗೆ ಕಳಿಸಿ. ಮುಂದೇನು ಎಂದು ತಿಳಿದರೆ ಮಗುವಿನ ಅರ್ಧ ಭಯ ಹೋಗುತ್ತದೆ. ಸ್ಪೀಕರಿನಿಂದ ದೂರ, ಬಾಗಿಲ ಹತ್ತಿರ ಅವರಿಗೆ ಕುರ್ಚಿ ಇಡಿ. ಗುಂಪು ಕಂಡರೆ ಹೊರಗೋಡುವ ಮಕ್ಕಳಿರುತ್ತಾರೆ, ಆದ್ದರಿಂದ ಗೇಟಿನಲ್ಲಿ ಒಬ್ಬರು ನಿಲ್ಲಲಿ. ಊಟದ ಸಾಲಿನಲ್ಲಿ ಕಾಯಿಸದೆ ಮೊದಲೇ ಬಡಿಸಿ. ಬರೀ ಮೊಸರನ್ನ ಸಾಕೆಂದರೆ ಒತ್ತಾಯ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, 'ಇವನು ಮಾತಾಡುವುದಿಲ್ಲವೇ?' ಎಂದು ಅವನೆದುರೇ ಕೇಳಬೇಡಿ. ಮಾತು ಬಾರದಿದ್ದರೂ ಕೇಳಿದ್ದು ಅರ್ಥವಾಗುವ ಮಕ್ಕಳು ಬಹಳ ಮಂದಿ.

ಹಿರಿಯರಿಗೆ ಹೇಳದೆ ನಿಮಗೇಕೆ ಇದನ್ನೆಲ್ಲ ಹೇಳುತ್ತಿದ್ದೇನೆ? ನಿಮ್ಮ ತರಗತಿಗಳಲ್ಲಿ ಇಂಥ ಸಹಪಾಠಿಗಳು ಇದ್ದರು. ನಿಮಗೆ ಇದು ಹೊಸತಲ್ಲ. ಇಲ್ಲಿನ ಆಸ್ಪತ್ರೆ, ಕಚೇರಿಗಳಲ್ಲಿ ಮಾತಾಡಿ ಕೆಲಸ ಮಾಡಿಸುವ ಭಾಷೆಯೂ ನಿಮಗಿದೆ. ಎಷ್ಟೋ ಮನೆಗಳಿಗೆ ತಮ್ಮ ಹಕ್ಕೇ ತಿಳಿದಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕುಗಳೂ ಇವೆ. ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ತುಂಬುವುದು ನಿಮಗೆ ಒಂದು ಸಂಜೆಯ ಕೆಲಸ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಆಟಿಸಂ ಇರುವವರಿಗೆ 'ನಿರಾಮಯ' ಆರೋಗ್ಯ ವಿಮೆಯಿದೆ, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ. ಹದಿನೆಂಟು ತುಂಬಿದ ಮೇಲೂ ಆಸರೆ ಬೇಕಾದವರಿಗೆ ಪಾಲಕರನ್ನು ನೇಮಿಸುವ ಜಿಲ್ಲಾ ಸಮಿತಿಯೂ ಅದೇ ಕಾಯಿದೆಯಲ್ಲಿದೆ.

'ನಾವು ಹೋದಮೇಲೆ ಇವನಿಗೆ ಯಾರು?' ಎಂಬುದು ಆ ತಂದೆತಾಯಿಯರ ನಿದ್ದೆಗೆಡಿಸುವ ಪ್ರಶ್ನೆ. ಊರಿನ ಕೂಡುಕುಟುಂಬ ಬಿಟ್ಟು ಬಂದವರಿಗಂತೂ ಅದು ಇನ್ನೂ ಭಾರ. ಸಂಘ ಅದಕ್ಕೆ ಪೂರ್ತಿ ಉತ್ತರವಾಗಲಾರದು. ಆದರೆ ಹೆಸರು ಹಿಡಿದು ಕರೆಯುವ, ಅವನ ಇಷ್ಟಾನಿಷ್ಟ ಬಲ್ಲ ಹತ್ತು ಜನ ಅವನಿಗೆ ಇರುವಂತೆ ನೋಡಿಕೊಳ್ಳಬಹುದು. ಇಂದು ನೀವು ಕಥೆ ಹೇಳಿದ ಹುಡುಗ ಇನ್ನು ಇಪ್ಪತ್ತು ವರ್ಷದ ಮೇಲೂ ನಿಮ್ಮನ್ನು ಗುರುತಿಸಿಯಾನು.

ಆದುದರಿಂದ ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ನಿಮ್ಮಲ್ಲಿ ಇಬ್ಬರು ಹೋಗಿ ಆ ಎರಡು ತಾಸಿನ ಭಾನುವಾರವನ್ನು ಕೇಳಿ ಪಡೆಯಿರಿ. ಅದಕ್ಕೂ ಮೊದಲು, ಬರುವುದು ನಿಲ್ಲಿಸಿದ ಆ ಮನೆಗೆ ಒಮ್ಮೆ ಫೋನು ಮಾಡಿ. 'ಅಕ್ಕ, ಈ ಸಲ ಅವನನ್ನೂ ಕರೆದುಕೊಂಡು ಬನ್ನಿ. ಸುಸ್ತಾದರೆ ಹೊರಗೆ ನಾನಿರುತ್ತೇನೆ' ಎಂದಷ್ಟೇ ಹೇಳಿ.