ಎಂಎಂಎಗೆ ಯಾವ ಕಲೆ ಕಲೀಬೇಕು? ಅರ್ಧ ಉತ್ತರ ಗರಡಿಯಲ್ಲೇ ಇದೆ

"ಅಣ್ಣ, ಎಂಎಂಎ ಆಡ್ಬೇಕು ಅಂದ್ರೆ ಮೊದ್ಲು ಏನ್ ಕಲೀಬೇಕು? ಕರಾಟೆನಾ, ಕಿಕ್‌ಬಾಕ್ಸಿಂಗಾ, ಕುಸ್ತಿನಾ?"

ಪಿರಿಯಾಪಟ್ಟಣ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಹೀಗೆ ಕೇಳಿದ. ಮನೆಯಲ್ಲಿ ಎರಡು ಎಕರೆ ಹೊಗೆಸೊಪ್ಪು, ಮೊಬೈಲಿನಲ್ಲಿ ಯುಎಫ್‌ಸಿ ರೀಲ್ಸ್. ನಾನೇನೂ ಫೈಟರ್ ಅಲ್ಲ. ಶಾಲೆಯಲ್ಲಿದ್ದಾಗ ಮೂರು ವರ್ಷ ಕರಾಟೆ ಕಲಿತು, ಇಂಜಿನಿಯರಿಂಗ್ ಮುಗಿಸಿ, ಕೊನೆಗೆ ಪತ್ರಿಕೋದ್ಯಮಕ್ಕೆ ಬಂದು ಬಿದ್ದವನು. ಆದರೂ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲೇ ಹೋದರೂ ಇದೇ ಪ್ರಶ್ನೆ ಎದುರಾಗುತ್ತಿರುವುದರಿಂದ ಇದನ್ನು ಸ್ವಲ್ಪ ಗಂಭೀರವಾಗಿ ನೋಡಬೇಕು ಅನ್ನಿಸಿತು.

ಮೊದಲು ಆಟವನ್ನು ಬಿಡಿಸಿ ನೋಡೋಣ. ವೃತ್ತಿಪರ ಎಂಎಂಎ ಅಂದರೆ ಐದೈದು ನಿಮಿಷದ ಮೂರು ಸುತ್ತು, ಪ್ರಶಸ್ತಿ ಪಂದ್ಯವಾದರೆ ಐದು. ಕಾದಾಟ ಮೂರು ಹಂತದಲ್ಲಿ ನಡೆಯುತ್ತೆ: ದೂರ ನಿಂತು ಹೊಡೆಯೋದು, ಮೈಗೆ ಮೈ ತಾಗಿಸಿ ಹಿಡಿಯೋದು, ನೆಲದ ಮೇಲೆ ಸೆಣಸೋದು. ಈ ಮೂರರಲ್ಲಿ ಪಂದ್ಯ ಎಲ್ಲಿ ನಡೆಯಬೇಕು ಅಂತ ತೀರ್ಮಾನಿಸುವವನಿಗೆ ಮೇಲುಗೈ. ಆ ತೀರ್ಮಾನದ ಕೀಲಿ ಕುಸ್ತಿಯಲ್ಲಿದೆ, ಯಾಕಂದ್ರೆ ಎದುರಾಳಿಯನ್ನು ಕೆಡವೋದು ಮತ್ತು ತಾನು ಬೀಳದೇ ನಿಲ್ಲೋದು ಎರಡನ್ನೂ ಕಲಿಸೋದು ಅದೇ. ದಾಗೆಸ್ತಾನದ ಖಬೀಬ್ ನೂರ್ಮಗೊಮೆದೊವ್ ಕುಸ್ತಿ ಮತ್ತು ಸಾಂಬೊ ನೆಚ್ಚಿಕೊಂಡು 29 ಪಂದ್ಯಗಳಲ್ಲಿ ಒಂದನ್ನೂ ಸೋಲದೇ ನಿವೃತ್ತರಾದರು. ನಮ್ಮ ರಿತು ಫೋಗಟ್ ಎಂಎಂಎಗೆ ಹೋಗಿದ್ದು ಕುಸ್ತಿ ಅಖಾಡದಿಂದಲೇ. ಹಾಗಂತ ಬೇರೆ ದಾರಿ ಇಲ್ಲ ಅಂತೇನಿಲ್ಲ. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ವುಶು ಹಿನ್ನೆಲೆಯವರು.

ಗರಡಿ ಕೊಡೋದು, ಕೊಡದೇ ಇರೋದು

ನಮ್ಮ ಕಡೆಗೆ ಕುಸ್ತಿಯನ್ನು ಹೊರಗಿನಿಂದ ತರಬೇಕಿಲ್ಲ. ಜಾತ್ರೆ ಕುಸ್ತಿ ಇನ್ನೂ ಇದೆ. ದಸರಾ ಬಂತೆಂದರೆ, ಹುಣಸೂರಿನಿಂದ ಗೆದ್ದು ಮುಖ್ಯಮಂತ್ರಿಯಾದ ದೇವರಾಜ ಅರಸು ಹೆಸರಿನ ಮೈಸೂರಿನ ಕ್ರೀಡಾಂಗಣದಲ್ಲಿ ಜೋಡಿ ಕಟ್ಟಿ ಆಡಿಸುತ್ತಾರೆ.

ಆದರೆ ನಾಡಕುಸ್ತಿಯ ಅಭ್ಯಾಸಗಳೇ ಪಂಜರದೊಳಗೆ ಕೈ ಕೊಡಬಹುದು. ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗೀತು. ಅದಕ್ಕೇ ಪೈಲ್ವಾನ ಬಿದ್ದ ಕೂಡಲೇ ಬೋರಲಾಗುತ್ತಾನೆ. ಎಂಎಂಎಯಲ್ಲಿ ಹಾಗೆ ಬೋರಲಾದರೆ ಎದುರಾಳಿ ಬೆನ್ನೇರಿ ಕತ್ತು ಹಿಸುಕುತ್ತಾನೆ. ತಲೆ ತಗ್ಗಿಸಿ ಕಾಲಿಗೆ ನುಗ್ಗಿದರೂ ಕತ್ತು ಅವನ ಕಂಕುಳಿಗೆ ಸಿಕ್ಕಿಬೀಳಬಹುದು. 1993ರ ಮೊದಲ ಯುಎಫ್‌ಸಿಯಲ್ಲಿ ರಾಯ್ಸ್ ಗ್ರೇಸಿ ತನಗಿಂತ ದೊಡ್ಡ ಆಳುಗಳನ್ನು ಇಂಥ ಜಿಯು-ಜಿಟ್ಸು ಪಟ್ಟುಗಳಿಂದಲೇ ಮಣಿಸಿದ್ದು. ಹಾಗಾಗಿ ನನ್ನ ಲೆಕ್ಕ: ತಳಪಾಯಕ್ಕೆ ಕುಸ್ತಿ, ಕೈಗೆ ಬಾಕ್ಸಿಂಗ್, ಆಮೇಲೆ ಜಿಯು-ಜಿಟ್ಸು.

ಕರಾಟೆ? ದೂರ ಅಳೆಯೋದು, ಸಮಯ ನೋಡಿ ಹೊಡೆಯೋದು ಅದರಿಂದ ಬರುತ್ತೆ. ಆದರೆ ಬೋರ್ಡ್ ನೋಡಿ ಸೇರಬೇಡಿ. ವಾರಕ್ಕೆ ಎಷ್ಟು ಸಲ ನಿಜವಾಗಿ ತಡೆಯುವ, ತಿರುಗಿ ಹೊಡೆಯುವ ಎದುರಾಳಿ ಮೇಲೆ ಅಭ್ಯಾಸ ಮಾಡಿಸ್ತಾರೆ ಅಂತ ಕೇಳಿ. ನನ್ನ ಮೂರು ವರ್ಷದಲ್ಲಿ ಬೆಲ್ಟ್ ಬದಲಾಯಿತು, ಪ್ರತಿ ಬೆಲ್ಟಿಗೂ ಪರೀಕ್ಷೆ ಫೀಸು ಕಟ್ಟಿದ್ದಾಯಿತು. ಕೊನೆಗೆ ಗರಡಿಗೆ ಹೋಗುತ್ತಿದ್ದ ಗೆಳೆಯನೊಬ್ಬ ಸುಮ್ಮನೆ ಸೊಂಟ ಹಿಡಿದಾಗ ಹತ್ತು ಸೆಕೆಂಡ್ ನಿಲ್ಲೋಕೆ ಆಗಲಿಲ್ಲ.

ಆಯ್ಕೆ ಮಾಡೋದು ಯಾರು?

ಇಷ್ಟು ಹೇಳಿದ ಮೇಲೂ 'ಆಯ್ಕೆ' ಅನ್ನೋ ಪದ ನನಗೆ ಕಿರಿಕಿರಿ ಮಾಡುತ್ತೆ. ಮಹಾನಗರದ ಹುಡುಗ ನಾಲ್ಕು ಜಿಮ್ ನೋಡಿ ಒಂದಕ್ಕೆ ಸೇರುತ್ತಾನೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಆಯ್ಕೆ ಮಾಡೋದು ಕೊನೇ ಬಸ್ಸು. ರೈಲು ಇರೋದು ಕೆ.ಆರ್. ನಗರಕ್ಕೆ ಮಾತ್ರ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹೆಚ್ಚುಕಡಿಮೆ 70 ಕಿಲೋಮೀಟರ್. ಸಂಜೆ ತರಬೇತಿ ಮುಗಿಸಿ ದಿನಾ ವಾಪಸ್ ಬರೋದು ಆಗದ ಮಾತು. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ರಾತ್ರಿಯಿಡೀ ಬ್ಯಾರನ್ ಕಾಯುವ ಹುಡುಗ ಬೆಳಗ್ಗೆ ಐದಕ್ಕೆ ಯಾವ ಕಲೆ ಕಲಿಯುತ್ತಾನೆ? ಎಚ್.ಡಿ. ಕೋಟೆಯ ಹಾಡಿಯಲ್ಲಿರುವ ಜೇನುಕುರುಬ ಹುಡುಗಿಗೆ ಇದು ಇನ್ನೂ ದೂರದ ಮಾತು. ಗರಡಿಯ ಮಣ್ಣು ಹೆಣ್ಣುಮಕ್ಕಳಿಗೆ ಸುಲಭವಾಗಿ ತೆರೆದಿದ್ದೂ ಅಲ್ಲ. ಸೋಷಿಯಲ್ ಮೀಡಿಯಾದಲ್ಲಿ 'ನಮ್ಮ ಎಂಎಂಎ' ಅಂತ ಮೆರೆಯೋ ವಜ್ರಮುಷ್ಟಿ ಕಾಳಗವಂತೂ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿ ಸಮುದಾಯದವರು ನಡೆಸುವ ಆಚರಣೆ. ರಕ್ತ ಚಿಮ್ಮಿದ ಕೂಡಲೇ ಮುಗಿಯುವ ಅದನ್ನು ಹೆಮ್ಮೆಯಿಂದ ನೋಡಬಹುದು, ಹೋಗಿ ಸೇರಿಕೊಳ್ಳೋಕೆ ಆಗಲ್ಲ.

ಇನ್ನೊಂದು ವಿಷಯ ಮರೆಯುವಂತಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಕುಟುಂಬದವರು ದೂರಿದರು, ಆಯೋಜಕರ ಮೇಲೆ ಪ್ರಕರಣ ದಾಖಲಾಯಿತು. 2026ರ ಐಚಿ–ನಗೋಯಾ ಏಷ್ಯನ್ ಗೇಮ್ಸ್‌ನಲ್ಲಿ ಎಂಎಂಎಗೂ ಜಾಗ ಸಿಕ್ಕಿರುವಾಗ ಆಸೆ ಹೆಚ್ಚುತ್ತೆ, ಅದರ ಬೆನ್ನಿಗೇ ದಿಢೀರ್ ಟೂರ್ನಿಗಳೂ ಹುಟ್ಟಿಕೊಳ್ಳುತ್ತವೆ. ರಿಂಗ್ ಪಕ್ಕ ಡಾಕ್ಟರ್ ಮತ್ತು ಆಂಬುಲೆನ್ಸ್ ಇಲ್ಲದೇ ಪಂದ್ಯಕ್ಕೆ ಅನುಮತಿ ಕೊಡಬಾರದು. ತಲೆಗೆ ಪೆಟ್ಟು ಬಿದ್ದವನಿಗೆ ಕಡ್ಡಾಯ ವಿಶ್ರಾಂತಿ ಇರಬೇಕು. ತಾಲ್ಲೂಕಿಗೊಂದು ಕುಸ್ತಿ ಮ್ಯಾಟ್, ಒಬ್ಬ ಸಂಬಳದ ಕೋಚ್, ಹುಡುಗಿಯರಿಗೆ ಪ್ರತ್ಯೇಕ ಸಮಯ: ಇದೇನು ಕೋಟಿಗಟ್ಟಲೆ ಯೋಜನೆಯಲ್ಲ. ಜಿಮ್ ಉದ್ಘಾಟನೆಗೆ ಬಂದು ರಿಬ್ಬನ್ ಕತ್ತರಿಸುವ ಶಾಸಕರನ್ನು ಇಷ್ಟು ಕೇಳಲೇಬೇಕು.

ಕುಸ್ತಿಯಿಂದಲೇ ಶುರುಮಾಡಿ ಅನ್ನೋದಕ್ಕೆ ನನಗೆ ಇನ್ನೊಂದು ಕಾರಣವಿದೆ. ಅದು ಒಲಿಂಪಿಕ್ ಕ್ರೀಡೆ. ಎಂಎಂಎ ಕೈ ಹಿಡಿಯದಿದ್ದರೂ ಕ್ರೀಡಾ ಹಾಸ್ಟೆಲ್, ಕ್ರೀಡಾ ಕೋಟಾದ ನೌಕರಿ ಅಂತ ಬಾಗಿಲುಗಳಿವೆ. ಮಂಡಿ ಒಮ್ಮೆ ತಿರುಚಿದರೆ ಕನಸು ಮುಗಿಯುವ ಆಟದಲ್ಲಿ, ಎರಡು ಎಕರೆ ಮನೆಯ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಆ ಹುಡುಗನಿಗೂ ಇದನ್ನೇ ಹೇಳಿದೆ. "ಮೊದ್ಲು ಗರಡಿಗೆ ಹೋಗು ಕಣಪ್ಪ, ಆರು ತಿಂಗಳು ಬಿಟ್ಟು ಬಾಕ್ಸಿಂಗ್ ಸೇರ್ಕೋ."

ಅವನು ಟೀ ಲೋಟ ಇಟ್ಟು ಹೇಳಿದ: "ಸರಿ ಅಣ್ಣ, ಸೊಪ್ಪಿನ್ ಸೀಸನ್ ಮುಗೀಲಿ."