ಅನುಭವವಿಲ್ಲದವರಿಗೂ ಆನ್‌ಲೈನ್ ಬರವಣಿಗೆ ಕೆಲಸ: ಈ ಫಾರ್ವರ್ಡ್ ಎಷ್ಟು ನಿಜ?

“ಮನೆಯಲ್ಲೇ ಕುಳಿತು ಬರೆಯಿರಿ, ಅನುಭವ ಬೇಡ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ. ನೋಂದಣಿ ಶುಲ್ಕ ಮಾತ್ರ ಕಟ್ಟಿ!” ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ನೋಡೋಣ.

ಅನುಭವವಿಲ್ಲದೆ ಶುರು ಮಾಡಬಹುದು ಎಂಬುದು ನಿಜ. ಬರೆಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಮಾದರಿ ಬರಹಗಳನ್ನು. ಆದರೆ ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ ಅದು ಮೋಸದ ಲಕ್ಷಣ.

ಮೋಸ ಹೇಗೆ ನಡೆಯುತ್ತದೆ?
ಶುಲ್ಕ ಚಿಕ್ಕದು, ಹಾಗಾಗಿ ಅನುಮಾನ ಬರುವುದಿಲ್ಲ. ಆಮೇಲೆ ಗಡುವಿನೊಳಗೆ ಮುಗಿಸಲಾಗದಷ್ಟು ಪುಟಗಳು ಬರುತ್ತವೆ. ಕೊನೆಗೆ “ತಪ್ಪುಗಳಿವೆ, ಒಪ್ಪಂದ ಮುರಿದಿದ್ದೀರಿ” ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಕಳಿಸಿ, ದಂಡ ಕಟ್ಟಿ ಎನ್ನುತ್ತಾರೆ. ಹೆದರಿ ಕಟ್ಟಬೇಡಿ. ಹಣ ಕಳೆದುಕೊಂಡಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಿಜವಾಗಿ ಶುರು ಮಾಡುವುದು ಹೇಗೆ?
ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಆರಿಸಿಕೊಳ್ಳಿ: ಅಡಿಕೆ ತೋಟ, ಹೊಲಿಗೆ, ಬ್ಯಾಂಕ್ ಸಾಲ, ಏನಾದರೂ ಸರಿ. ಅದರ ಮೇಲೆ ಸುಮಾರು 500 ಪದಗಳ ಮೂರು ಲೇಖನ ಬರೆಯಿರಿ. ಅವೇ ನಿಮ್ಮ ಮಾದರಿಗಳು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಬರೆದರೆ ಹಣ ಸಿಗುವುದಿಲ್ಲ. ಆದರೆ ಆಧಾರ ಕೊಟ್ಟು ಬರೆಯುವ ಅಭ್ಯಾಸವಾಗುತ್ತದೆ. ಇಂಗ್ಲಿಷ್ ಬಲ್ಲವರಿಗೆ ಅನುವಾದದ ದಾರಿಯೂ ಇದೆ.

ಕೆಲಸ ಒಪ್ಪುವ ಮುನ್ನ ಪದಕ್ಕೆಷ್ಟು ದರ, ಯಾವಾಗ ಪಾವತಿ ಎಂಬುದನ್ನು ಬರಹದಲ್ಲೇ ಪಡೆಯಿರಿ. ಆರಂಭದಲ್ಲಿ ಗಳಿಕೆ ಕಡಿಮೆಯೇ. ಆದ್ದರಿಂದ ಈಗಿರುವ ಕೆಲಸ ಬಿಡಿ ಎಂದು ನಾವು ಹೇಳುವುದಿಲ್ಲ.

ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ಓದಲು ಹೇಳಿ.